1600 ಪಟ್ಟಿನ ಮೈಕ್ರೋಸ್ಕೋಪಿನಲ್ಲಿ ಮೊಸರಿನ ಬ್ಯಾಕ್ಟೀರಿಯಾ ಯಾಕೆ ಕಾಣುವುದಿಲ್ಲ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮೈಕ್ರೋಸ್ಕೋಪಿನವೇ ಜಾಸ್ತಿ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರ: ಏಳನೇ ಕ್ಲಾಸಿನ ಮಗನಿಗೆ ಆನ್‌ಲೈನಿನಲ್ಲಿ ಯುಎಸ್‌ಬಿ ಮೈಕ್ರೋಸ್ಕೋಪ್ ತರಿಸಿದೆ. ಡಬ್ಬದ ಮೇಲೆ 1600ಎಕ್ಸ್ ಎಂದು ದೊಡ್ಡದಾಗಿ ಬರೆದಿದೆ. ಮೊಸರಿನ ಬ್ಯಾಕ್ಟೀರಿಯಾ ತೋರಿಸೋಣ ಎಂದು ಕೂತರೆ ಬರೀ ಬಿಳಿ ಮುದ್ದೆ. ಮೋಸ ಹೋದೆನಾ?
– ಒಬ್ಬ ತಾಯಿ, ಹಾಸನ

ಉ: ಸ್ವಲ್ಪ ಹೋಗಿದ್ದೀರಿ. ಆದರೂ ಅದನ್ನು ಅಟ್ಟಕ್ಕೆ ಹಾಕಬೇಡಿ. ಆ 1600ರಲ್ಲಿ ಲೆನ್ಸಿನ ಪಾಲು ಕಮ್ಮಿ, ಕಂಪ್ಯೂಟರ್ ಪರದೆಯ ಪಾಲೇ ಹೆಚ್ಚು. ಅದೇ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ಗೋಡೆ ಮೇಲೆ ಬಿಟ್ಟರೆ 16,000 ಎಂದೂ ಬರೆದುಕೊಳ್ಳಬಹುದು, ಬೇಡ ಅನ್ನುವವರು ಯಾರು? ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಟ್ಟು ಫ್ಲೆಕ್ಸ್ ಮಾಡಿಸಿದ ಹಾಗೆ ಇದು. ಮುಖ ಅಗಲವಾಗುತ್ತದೆ, ಆದರೆ ಫೋಟೋದಲ್ಲಿ ಇಲ್ಲದ ಹುಬ್ಬಿನ ಕೂದಲು ಹೊಸದಾಗಿ ಹುಟ್ಟುವುದಿಲ್ಲ.

ಕೇಳಬೇಕಾದ್ದು ಬೇರೆ. ಅಕ್ಕಪಕ್ಕ ಇರುವ ಎರಡು ಚುಕ್ಕಿ ಎರಡಾಗಿಯೇ ಕಾಣುತ್ತವಾ, ಇಲ್ಲ ಕಲಸಿಕೊಂಡು ಒಂದಾಗುತ್ತವಾ? ಇದನ್ನೇ ರೆಸಲ್ಯೂಶನ್ ಅನ್ನುವುದು. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬ್ಬೆ ಇದರ ಮಿತಿಯನ್ನು ತೋರಿಸಿಕೊಟ್ಟರು. ಬೆಳಕಿನ ತರಂಗದ ಉದ್ದವನ್ನು ತೆಗೆದುಕೊಂಡು, ಲೆನ್ಸಿನ ಎನ್.ಎ. ಎಷ್ಟಿದೆಯೋ ಅದರ ಎರಡರಷ್ಟರಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಹತ್ತಿರ ಇರುವ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಮುಗೀತು. ಎನ್.ಎ. ಅಂದರೆ ನ್ಯೂಮರಿಕಲ್ ಅಪರ್ಚರ್, ಲೆನ್ಸು ಎಷ್ಟು ಅಗಲಕ್ಕೆ ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರ ಅಳತೆ. ಕಾಲೇಜಿನ ಮೈಕ್ರೋಸ್ಕೋಪ್ ಲೆನ್ಸಿನ ಮೈಮೇಲೆ 10/0.25, 40/0.65 ಎಂದು ಕೊರೆದಿರುತ್ತಾರಲ್ಲ, ಅದರಲ್ಲಿ ಎರಡನೇ ಅಂಕಿ ಇದೇ. ಹಸಿರು ಬೆಳಕಿನ ತರಂಗ ಸುಮಾರು 550 ನ್ಯಾನೋಮೀಟರ್. ಲೆಕ್ಕ ಹಾಕಿದರೆ 10ಎಕ್ಸ್ ಲೆನ್ಸಿಗೆ ಸಿಗುವುದು 1.1 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮೊಸರಿನ ಬ್ಯಾಕ್ಟೀರಿಯಾದ ದಪ್ಪವೇ ಹೆಚ್ಚೂಕಮ್ಮಿ ಒಂದು ಮೈಕ್ರಾನ್. ದೂರ ನಿಂತು ನೋಡುವ ಯುಎಸ್‌ಬಿ ಲೆನ್ಸು ಇದಕ್ಕಿಂತ ಕಮ್ಮಿ ಬೆಳಕು ಬಾಚುತ್ತದೆ, ಅದರ ಕೈಲಿ ಆಗುವ ಕೆಲಸ ಅಲ್ಲ.

ಆದರೆ ಮಗನಿಗೆ ಅದರಲ್ಲಿ ಸೀರೆ ಸೆರಗಿನ ನೇಯ್ಗೆ ತೋರಿಸಿ, ಇರುವೆಯ ಮುಖ ತೋರಿಸಿ, ಮೊಬೈಲಿನ ಬಿಳಿ ಪರದೆ ತೋರಿಸಿ. ಬಿಳಿ ಅಂದುಕೊಂಡಿದ್ದು ಕೆಂಪು, ಹಸಿರು, ನೀಲಿ ಚುಕ್ಕಿಗಳ ಸಂತೆ ಎಂದು ಗೊತ್ತಾದಾಗ ಹುಡುಗ ಮೊಸರನ್ನು ಮರೆಯುತ್ತಾನೆ.

ಮೊಸರೇ ಬೇಕು ಎಂದು ಹಟ ಹಿಡಿದರೆ ಪರಿಚಯದ ಯಾವುದಾದರೂ ಕಾಲೇಜಿಗೆ ಕರೆದುಕೊಂಡು ಹೋಗಿ. ಮೊಸರಿನ ಮೇಲೆ ನಿಂತ ತಿಳಿನೀರು ಒಂದು ತೊಟ್ಟು ಸಾಕು. ಸ್ಲೈಡಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಉರಿಯ ಮೇಲೆ ಎರಡು ಮೂರು ಸಲ ಆಡಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಒಂದು ನಿಮಿಷ ಬಿಟ್ಟು ತೊಳೆದು 100ಎಕ್ಸಿನಲ್ಲಿ ನೋಡಿದರೆ ನೀಲಿ ಕಡ್ಡಿಗಳು, ಮಣಿ ಪೋಣಿಸಿದ ಹಾಗಿರುವ ಸರಗಳು ಕಾಣುತ್ತವೆ.

ಪ್ರ: ನಮ್ಮ ಬಿ.ಎಸ್‌ಸಿ. ಲ್ಯಾಬಿನಲ್ಲಿ 100ಎಕ್ಸ್‌ಗೆ ಮಾತ್ರ ಎಣ್ಣೆ ಹಾಕಿಸುತ್ತಾರೆ. ಯಾಕೆ? ಬಾಟಲಿ ಖಾಲಿಯಾದಾಗ ಕೊಬ್ಬರಿ ಎಣ್ಣೆ ನಡೆಯುತ್ತಾ?
– ವಿದ್ಯಾರ್ಥಿನಿ, ದಾವಣಗೆರೆ

ಉ: ನಡೆಯಲ್ಲ ತಾಯಿ. ಯಾಕೆ ಅನ್ನುವುದು ಮಾತ್ರ ಚೆನ್ನಾಗಿದೆ, ಕೇಳು. ಬೆಳಕು ಗಾಜಿನಿಂದ ಗಾಳಿಗೆ ಬರುವಾಗ ಹೊರಕ್ಕೆ ಬಾಗುತ್ತದೆ. ತುಂಬಾ ಓರೆಯಾಗಿ ಬಂದದ್ದು ಗಾಜಿನಿಂದ ಆಚೆಗೇ ಬರುವುದಿಲ್ಲ. ಸೂಕ್ಷ್ಮ ವಿವರ ಇರುವುದೆಲ್ಲ ಆ ಓರೆ ಬೆಳಕಿನಲ್ಲೇ. ಗಾಳಿ ನಡುವೆ ಇರುವ ತನಕ ಒಳ್ಳೆಯ ಲೆನ್ಸಿನ ಎನ್.ಎ. ಕೂಡ 0.95ರ ಹತ್ತಿರ ನಿಂತುಬಿಡುತ್ತದೆ. ನೀವು ಹಾಕುವ ಇಮ್ಮರ್ಶನ್ ಎಣ್ಣೆಯ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಗಾಜಿನಷ್ಟೇ, 1.515. ಹಾಗಾಗಿ ಬೆಳಕಿಗೆ ಗಾಜು ಯಾವುದು, ಎಣ್ಣೆ ಯಾವುದು ಎಂದು ತಿಳಿಯದೆ ಸೀದಾ ಲೆನ್ಸಿಗೆ ಹೋಗುತ್ತದೆ. ನಿಮ್ಮ ಲ್ಯಾಬಿನ 100ಎಕ್ಸ್ ಲೆನ್ಸಿನ ಎನ್.ಎ. 1.25 ಇದ್ದೀತು, ಅಂದರೆ 220 ನ್ಯಾನೋಮೀಟರ್ ತನಕ ಬಿಡಿಸಿ ತೋರಿಸುತ್ತದೆ. ಎಣ್ಣೆ ಇಲ್ಲದೆ ನೋಡಿದರೆ ಮಂಜು ಹಿಡಿದ ಕನ್ನಡಕದಲ್ಲಿ ನೋಡಿದ ಹಾಗೆ. ಕೊಬ್ಬರಿ ಎಣ್ಣೆಯ ಸೂಚ್ಯಂಕ 1.45ರ ಆಸುಪಾಸು. ಗಾಳಿಗಿಂತ ವಾಸಿ, ಆದರೆ ಸಾಲದು. ಚಳಿಗೆ ಹೆಪ್ಪುಗಟ್ಟಿ ಲೆನ್ಸಿನ ಅಂಚಿನಲ್ಲಿ ಕೂತರೆ ಬಿಡಿಸುವವರು ಬೈಯುತ್ತಾರೆ.

ಇನ್ನೊಂದು ಮಾತು. ನಾನು ಓದುವಾಗ 100ಎಕ್ಸ್ ಇಟ್ಟುಕೊಂಡೇ ಫೋಕಸ್ ಮಾಡುವ ದೊಡ್ಡ ಗುಂಡಿ ತಿರುಗಿಸಿದೆ. ಟಿಕ್ ಎಂದು ಸಣ್ಣ ಸದ್ದು. ಸ್ಲೈಡು ಎರಡು ಹೋಳು, ಅಟೆಂಡರ್ ಮಾಮ ಏನೂ ಅನ್ನದೆ ಸುಮ್ನೆ ನೋಡಿದರು, ಅದೇ ಸಾಕಾಯಿತು. 100ಎಕ್ಸಿನಲ್ಲಿ ಲೆನ್ಸಿಗೂ ಸ್ಲೈಡಿಗೂ ಕೂದಲೆಳೆಯಷ್ಟೇ ಜಾಗ. ಸಣ್ಣ ಗುಂಡಿ ಬಿಟ್ಟು ಬೇರೆ ಮುಟ್ಟಬೇಡ. ಎಣ್ಣೆ ಹಾಕಿದ ಮೇಲೆ 40ಎಕ್ಸ್‌ಗೆ ವಾಪಸ್ ತಿರುಗಿಸಲೂ ಬೇಡ, ಅದು ಒಣ ಲೆನ್ಸು. ಒರೆಸುವುದು ಲೆನ್ಸ್ ಪೇಪರಿನಲ್ಲಿ, ವೇಲಿನಲ್ಲಿ ಅಲ್ಲ.

ಪ್ರ: ಕೆರೆ ನೀರಿನ ಜೀವಿಗಳು ಗಾಜಿನ ಹಾಗೆ ಪಾರದರ್ಶಕ. ಬಣ್ಣ ಹಾಕಿದರೆ ಸಾಯುತ್ತವೆ. ಬದುಕಿರುವಾಗಲೇ ನೋಡುವುದು ಹೇಗೆ?
– ಹೈಸ್ಕೂಲು ಮೇಷ್ಟ್ರು, ಸಾಗರ

ಉ: ಮೊದಲು ಕಂಡೆನ್ಸರಿನ (ಸ್ಲೈಡಿನ ಕೆಳಗಿದ್ದು ಬೆಳಕನ್ನು ಅದರ ಮೇಲೆ ಕೂಡಿಸುವ ಲೆನ್ಸು) ಕೆಳಗಿರುವ ಡಯಾಫ್ರಮ್, ಅಂದರೆ ಬೆಳಕಿನ ಕಿಂಡಿ, ಸ್ವಲ್ಪ ಮುಚ್ಚಿ ನೋಡಿ ಮೇಷ್ಟ್ರೇ. ರೆಸಲ್ಯೂಶನ್ ಒಂದಿಷ್ಟು ಹೋಗುತ್ತದೆ, ಅಂಚುಗಳು ಎದ್ದು ಬರುತ್ತವೆ. ಸಾಲದಿದ್ದರೆ ಕರಿ ಕಾಗದವನ್ನು ನಾಣ್ಯದಷ್ಟು ಗುಂಡಗೆ ಕತ್ತರಿಸಿ ಕಂಡೆನ್ಸರಿನ ಫಿಲ್ಟರ್ ತಟ್ಟೆಯ ನಡುವೆ ಇಡಿ, ಡಯಾಫ್ರಮ್ ಪೂರ್ತಿ ತೆರೆದಿರಿ. ನೇರ ಬೆಳಕು ನಿಂತು ಸುತ್ತಲಿನ ಓರೆ ಬೆಳಕು ಮಾತ್ರ ಬರುತ್ತದೆ. ಹೆಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಧೂಳು ಮಿನುಗುವ ಹಾಗೆ ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿ ಕಪ್ಪು ಹಿನ್ನೆಲೆಯಲ್ಲಿ ಹೊಳೆಯುತ್ತದೆ. ಇದೇ ಡಾರ್ಕ್‌ಫೀಲ್ಡ್. 4ಎಕ್ಸ್, 10ಎಕ್ಸಿನಲ್ಲಿ ಚೆನ್ನಾಗಿ ಬರುತ್ತದೆ, ಖರ್ಚು ಸೊನ್ನೆ.

ದುಡ್ಡಿದ್ದವರಿಗೆ ಫೇಸ್ ಕಾಂಟ್ರಾಸ್ಟ್ ಇದೆ. ಕೋಶದೊಳಗೆ ಹೋದ ಬೆಳಕು ಸುತ್ತಲಿನ ನೀರಿನಲ್ಲಿ ಹೋದದ್ದಕ್ಕಿಂತ ಕೊಂಚ ಹಿಂದೆ ಬೀಳುತ್ತದೆ. ನಮ್ಮ ಕಣ್ಣಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಅದನ್ನು ಕತ್ತಲು ಬೆಳಕಾಗಿ ಬದಲಿಸುವ ಉಪಾಯ ಹುಡುಕಿದ ಹಾಲೆಂಡಿನ ಫ್ರಿಟ್ಸ್ ಜೆರ್ನಿಕೆಗೆ 1953ರ ಭೌತವಿಜ್ಞಾನ ನೊಬೆಲ್ ಬಂತು.

ಪ್ರ: ಬೆಳಕಿಗೆ ಮಿತಿ ಇದೆ ಅಂತೀರಿ, 20 ನ್ಯಾನೋಮೀಟರ್ ವಿವರವನ್ನೂ ಬೆಳಕಿನಲ್ಲೇ ನೋಡಿದ್ದಾರಂತಲ್ಲ? ಆ ಫೋಟೋಗಳಲ್ಲಿರುವ ಬಣ್ಣಗಳು ನಿಜವಾ?
– ಓದುಗ, ಮೈಸೂರು

ಉ: ನೋಡಿದ್ದು ನಿಜ. 2014ರ ರಸಾಯನ ವಿಜ್ಞಾನ ನೊಬೆಲ್ ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್, ವಿಲಿಯಂ ಮೋರ್ನರ್ ಮೂವರಿಗೆ ಬಂದದ್ದು ಇದಕ್ಕೇ. ನೀವು ಮೈಸೂರಿನವರು, ಚಾಮುಂಡಿ ಬೆಟ್ಟದ ಸೀರಿಯಲ್ ಸೆಟ್ ಬಲ್ಬುಗಳನ್ನು ದೂರದಿಂದ ನೋಡಿದ್ದೀರಿ ಅಂದುಕೊಳ್ಳಿ. ಎಲ್ಲ ಒಟ್ಟಿಗೆ ಉರಿದರೆ ಬರೀ ಬೆಳಕಿನ ಮುದ್ದೆ. ಒಂದೊಂದೇ ಬಲ್ಬು ಹತ್ತಿ ಆರಿದರೆ? ಪ್ರತಿಯೊಂದರ ನಡುಬಿಂದುವನ್ನು ಕಾಗದದ ಮೇಲೆ ಗುರುತಿಸುತ್ತಾ ಹೋಗಿ, ಪೂರ್ತಿ ಸಾಲು ಬಿಡಿಬಿಡಿಯಾಗಿ ಸಿಗುತ್ತದೆ. ಹೊಳೆಯುವ ಅಣುಗಳನ್ನು ಕೋಶಕ್ಕೆ ಅಂಟಿಸಿ ಬೆಟ್ಜಿಗ್ ಮಾಡಿದ್ದು ಇದೇ. ಹೆಲ್ ದಾರಿ ಬೇರೆ: ಹೊಳೆಯುವ ಚುಕ್ಕಿಯ ಸುತ್ತ ಉದ್ದಿನ ವಡೆ ಆಕಾರದ ಇನ್ನೊಂದು ಲೇಸರ್ ಬಿಟ್ಟು, ನಡುವಿನ ತೂತಿನಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಆರಿಸಿದರು. ಅಬ್ಬೆ ಲೆಕ್ಕ ಸುಳ್ಳಾಗಲಿಲ್ಲ, ಇವರು ಪಕ್ಕದ ಓಣಿಯಿಂದ ಹೋದರು ಅಷ್ಟೇ.

ಬಣ್ಣ? ಆ ಕ್ಯಾಮೆರಾಗಳು ಹೆಚ್ಚಾಗಿ ಕಪ್ಪುಬಿಳುಪಿನವು. ಬಣ್ಣ ಆಮೇಲೆ ಕಂಪ್ಯೂಟರಿನಲ್ಲಿ ಕೊಡುವುದು.

ಪ್ರ: ಫೋಟೋ ಕೆಳಗೆ 400ಎಕ್ಸ್ ಎಂದು ಬರೆದರೆ ಸಾಕಾ?
– ವಿದ್ಯಾರ್ಥಿ, ಕಲಬುರಗಿ

ಉ: ಸಾಲದು. ಮೊಬೈಲಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದ ಕ್ಷಣ ಆ 400 ಸುಳ್ಳಾಯಿತು, ಅಲ್ವಾ? ಸ್ಕೇಲ್ ಬಾರ್ ಹಾಕಿ, ಅಂದರೆ ಇಷ್ಟು ಉದ್ದಕ್ಕೆ ಇಷ್ಟು ಮೈಕ್ರಾನ್ ಎಂದು ತೋರಿಸುವ ಗೆರೆ. ಸ್ಟೇಜ್ ಮೈಕ್ರೋಮೀಟರ್ ಎಂಬ ಸ್ಲೈಡಿನಲ್ಲಿ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುತ್ತಾರೆ, ಒಂದು ಮನೆ 10 ಮೈಕ್ರಾನ್. ಅದೇ ಲೆನ್ಸಿನಲ್ಲಿ, ಅದೇ ಕ್ಯಾಮೆರಾದಲ್ಲಿ, ಜೂಮ್ ಮುಟ್ಟದೆ ಅದರದ್ದೂ ಒಂದು ಫೋಟೋ ತೆಗೆದಿಟ್ಟುಕೊಂಡರೆ ಗೆರೆ ಎಷ್ಟುದ್ದ ಇರಬೇಕು ಎಂದು ಅದರಿಂದ ಅಳೆದುಕೊಂಡರೆ ಆಯಿತು.