ಸೊಕ್ಕು ಯಾರದ್ದು, ಮೇಷ್ಟ್ರೇ?

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಮಗ-ಸೊಸೆ ಜೊತೆ ಹನ್ನೆರಡು ದಿನ ಯೂರೋಪ್ ಟೂರ್ ಮುಗಿಸಿ ಬಂದೆ. ಟೂರಿನವರದೇ ಅಡುಗೆಯವರು ಇದ್ದುದರಿಂದ ಅನ್ನ-ಸಾರಿಗೆ ತೊಂದರೆಯಾಗಲಿಲ್ಲ. ಮಗನದೇ ತಕರಾರು: ಹೋದ ಊರಿನ ಹಾಗೆ ಇರಬೇಕಂತೆ, ಚಟ್ನಿಪುಡಿ ಡಬ್ಬಿ ಯಾಕಂತೆ. ಫ್ರಾನ್ಸಿನವರಿಗೆ ವಿಪರೀತ ಸೊಕ್ಕು. ಜರ್ಮನಿಯಲ್ಲಿ ಭಾನುವಾರ ಒಂದಂಗಡಿ ತೆರೆದಿರಲಿಲ್ಲ. ಇಂಥವರ ರೀತಿಗೆ ನಾವೇಕೆ ಒಗ್ಗಬೇಕು? ನಮ್ಮತನ ಬಿಡಬೇಕೆ?’

ಮೇಷ್ಟ್ರೇ, ಮೊದಲು ನಿಮ್ಮ ಪರವಾಗಿ ಒಂದು ಮಾತು. ಅರವತ್ತು ದಾಟಿದ ಹೊಟ್ಟೆಗೆ ಹನ್ನೆರಡು ದಿನ ಬ್ರೆಡ್ಡು-ಬೆಣ್ಣೆಯೇ ಗತಿ ಎನ್ನಲು ನಾನ್ಯಾರು? ಆಲ್ಪ್ಸ್‌ನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ನಲ್ಲಿ ‘ಬಾಲಿವುಡ್’ ಎಂಬ ಭಾರತೀಯ ಹೋಟೆಲನ್ನೇ ಇಟ್ಟುಕೊಂಡಿರುವ ಸ್ವಿಸ್ ಜನಕ್ಕೂ ತಕರಾರಿಲ್ಲ. ಇಷ್ಟು ಹೇಳಿ ನಿಮ್ಮ ಮಗನ ಕಡೆ ಸೇರಿಕೊಳ್ಳುತ್ತೇನೆ, ಬೇಜಾರಾಗಬೇಡಿ.

ಸೊಕ್ಕಿನ ವಿಷಯಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಫ್ರಾನ್ಸಿನ ನೀಸ್‌ನಲ್ಲಿ ತಲೆನೋವಿನ ಮಾತ್ರೆಗೆಂದು ಔಷಧದಂಗಡಿಗೆ ಹೋದೆ. ಒಳಹೊಕ್ಕವನೇ ಇಂಗ್ಲಿಷಿನಲ್ಲಿ ಮಾತ್ರೆ ಕೇಳಿದೆ. ಅಂಗಡಿಯಾಕೆ ನನ್ನ ಮುಖ ನೋಡಿ ‘ಬೊಂಜೂರ್’ ಎಂದಳು. ಕಿವಿ ಮಂದವೇನೋ ಅಂತ ಗಟ್ಟಿಯಾಗಿ ಕೇಳಿದೆ. ಆಕೆ ಇನ್ನಷ್ಟು ನಿಧಾನವಾಗಿ ‘ಬೊಂ...ಜೂರ್’ ಎಂದಳು. ಹಿಂದೆ ನಿಂತಿದ್ದ ಮುದುಕ ಕೆಮ್ಮಿದ. ನಿಮ್ಮ ಹಾಗೆಯೇ ನಾನೂ ‘ಏನು ಸೊಕ್ಕಪ್ಪಾ’ ಎಂದು ಗೊಣಗುತ್ತ ಬರಿಗೈಲಿ ಹೊರಬಂದೆ. ನಾನು ಇಳಿದುಕೊಂಡಿದ್ದ ಮನೆಯ ಗೆಳೆಯ, ಶಿರಸಿ ಕಡೆಯವನು, ಕೇಳಿ ಬಿದ್ದು ಬಿದ್ದು ನಕ್ಕ. ಬೊಂಜೂರ್ ಅಂದರೆ ನಮಸ್ಕಾರ. ಅಲ್ಲಿ ಅಂಗಡಿಗೆ ಕಾಲಿಡುವುದೆಂದರೆ ಒಬ್ಬರ ಹೊಸ್ತಿಲು ದಾಟಿದಂತೆ. ನಮಸ್ಕಾರವಿಲ್ಲದೆ ಸಾಮಾನು ಕೇಳುವವನು ಒರಟ. ನಿಮ್ಮ ಜಗಲಿಗೆ ಯಾರೋ ಹತ್ತಿ ಬಂದು ‘ಆರಾಮಾ?’ ಎಂದೂ ಕೇಳದೆ ‘ಒಂದ್ ಲೋಟ ಕಾಫಿ’ ಎಂದರೆ ಸುಮ್ಮನಿರುತ್ತೀರಾ?

ಸಂಜೆ ಅವನೇ ಹಳೇಪೇಟೆಯ ಗಲ್ಲಿಗೆ ಕರೆದೊಯ್ದ. ಸೌದೆ ಒಲೆ. ಗಾಡಿಚಕ್ರದಂಥ ಅಗಲದ ತಾಮ್ರದ ತಟ್ಟೆ. ಅದರಲ್ಲಿ ತೆಳ್ಳಗೆ ಹರಡಿದ ಹಿಟ್ಟು: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಂಚು ಕರಕಲಾಗಿ ನಡುವೆ ಮೆತ್ತಗಿರುವಾಗಲೇ ಎಬ್ಬಿ ಕಿತ್ತು, ಕರಿಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ಕೈಯಲ್ಲೇ ತಿನ್ನುವುದು. ಇದರ ಹೆಸರೇನು ಗೊತ್ತೇ? ಸೊಕ್ಕಾ! ಗಡಿಯಾಚೆ ಇಟಲಿಯ ಜಿನೋವಾದಲ್ಲಿ ಇದೇ ಫರಿನಾತಾ. ಕಡಲೆಹಿಟ್ಟಿನ ದೋಸೆಯಲ್ಲದೆ ಇದು ಮತ್ತೇನು? ಇನ್ನು ಉತ್ತರ ಇಟಲಿಯವರು ಮೆಕ್ಕೆಜೋಳದ ಹಿಟ್ಟನ್ನು ಕೋಲಿನಿಂದ ತಿರುವಿ ತಿರುವಿ ಹಲಗೆಯ ಮೇಲೆ ಸುರಿಯುವ ಪೊಲೆಂತಾ ಕಂಡರೆ ಮಂಡ್ಯದವರು ಸಾರೆಲ್ಲಿ ಎಂದು ಕೇಳಿಯಾರು. ಮೆಕ್ಕೆಜೋಳದ ಸೀಮೆಯವರಾದ ನಿಮಗೆ ಅದನ್ನು ಯಾರೂ ತೋರಿಸಲಿಲ್ಲ. ‘ಸಸ್ಯಾಹಾರಿಗೆ ಅಲ್ಲಿ ಏನೂ ಸಿಗಲ್ಲ’ ಎಂದು ಹೆದರಿಸಿದರೆ ತಾನೇ ಟೂರಿನವರ ಅನ್ನದ ಹಂಡೆ ಖಾಲಿಯಾಗುವುದು?

ಭಾನುವಾರದ ಮಾತು. ಆ ದಿನದ ಬಿಡುವಿಗೆ ಜರ್ಮನಿಯ ಸಂವಿಧಾನದಲ್ಲೇ ರಕ್ಷಣೆಯಿದೆ. ಸೋಮವಾರ ಬಸವಣ್ಣನ ದಿನ ಅಂತ ಎತ್ತಿನ ಹೆಗಲಿಗೆ ನೊಗ ಇಡದ ಸೀಮೆಯವರಿಗೆ ಇದು ಅರ್ಥವಾಗದ್ದೇನಲ್ಲ. ಶನಿವಾರ ಸಂಜೆಯೇ ಹಾಲು-ಬ್ರೆಡ್ಡು ತಂದಿಟ್ಟುಕೊಂಡರೆ ಆಯಿತು.

ಒಗ್ಗಿದರೆ ನಮ್ಮತನ ಹೋಗುತ್ತದೆಯೇ? ನಮ್ಮ ಪತ್ರಿಕಾವೃತ್ತಿಯ ಮೂಲಪುರುಷನನ್ನೇ ನೋಡಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಜರ್ಮನ್. 1853ರಲ್ಲಿ ಬಂದ ಕಿಟೆಲ್ 1894ರಲ್ಲಿ ನಮ್ಮ ಕೈಗೆ ನಿಘಂಟು ಕೊಟ್ಟರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಷ್ಟು ಕನ್ನಡ ಕಲಿತ ಕಿಟೆಲ್ ಕಡೆಗಾಲದಲ್ಲಿ ಜರ್ಮನಿಯ ಟ್ಯೂಬಿಂಗನ್‌ಗೆ ಮರಳಿ 1903ರಲ್ಲಿ ತೀರಿಕೊಂಡದ್ದು ಜರ್ಮನ್ ಆಗಿಯೇ. ನೀವು ಫ್ರೆಂಚ್ ನಿಘಂಟು ಬರೆಯಬೇಕಿಲ್ಲ. ನಮಸ್ಕಾರಕ್ಕೆ ಬೊಂಜೂರ್, ಧನ್ಯವಾದಕ್ಕೆ ಮೆರ್ಸಿ, ಎರಡೇ ಪದ.

ನನ್ನ ಹೊಟ್ಟೆಯುರಿ ಬೇರೆಯೇ ಇದೆ. ‘ಹತ್ತು ವರ್ಷ ಬೆಂಗಳೂರಲ್ಲಿದ್ದೂ ಒಂದಕ್ಷರ ಕನ್ನಡ ಬಾರದು’ ಎಂಬ ಪತ್ರ ಈ ಕಚೇರಿಗೆ ಬರದ ವಾರವಿಲ್ಲ. ಸಂತೋಷದಿಂದ ಅಚ್ಚು ಹಾಕುತ್ತೇನೆ. ಅದೇ ಕೈಗಳೇ ಪ್ಯಾರಿಸ್ಸಿನಲ್ಲಿ ನಮಸ್ಕಾರ ಹೇಳಿಸಿಕೊಂಡರೆ ಸೊಕ್ಕು ಎಂದು ಬರೆಯುತ್ತವೆ. ಅಷ್ಟು ದೂರವಾದರೂ ಏಕೆ? ಬಾದಾಮಿಯ ಬನಶಂಕರಿ ಗುಡಿ ಹತ್ತಿರ ಹೆಂಗಸರು ಬುಟ್ಟಿ ತುಂಬ ಜೋಳದ ರೊಟ್ಟಿ, ಪಲ್ಯ, ಗಡಿಗೆ ಮೊಸರು ಇಟ್ಟುಕೊಂಡು ಕರೆಯುತ್ತಾರೆ. ನಮ್ಮ ಬೆಂಗಳೂರಿಗರ ಗುಂಪೊಂದು ಅವರನ್ನು ದಾಟಿಕೊಂಡು ಹೋಗಿ ಹೋಟೆಲಿನಲ್ಲಿ ಗೋಬಿ ಮಂಚೂರಿ ಇಲ್ಲವೆಂದು ಜಗಳವಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ನಾಡಲ್ಲೇ ನಾವು ಪರದೇಶಿಗಳು.

ಚಟ್ನಿಪುಡಿ ಮಾತ್ರ ಬಿಡಬೇಡಿ ಮೇಷ್ಟ್ರೇ. ನಿಮ್ಮ ಮಗನಿಗೆ ಹೇಳಬೇಡಿ, ನನ್ನ ಚೀಲದಲ್ಲೂ ಇತ್ತು. ಎರಡನೇ ಸಂಜೆ, ಸರಿಯಾಗಿ ಬೊಂಜೂರ್ ಹೇಳಿಯೇ ಸೊಕ್ಕಾ ತಗೊಂಡು ಅದರ ಮೇಲೆ ಉದುರಿಸಿಕೊಂಡೆ. ಒಲೆ ಬಳಿಯಿದ್ದ ಹೆಂಗಸು ಬಂದು ಬೆರಳದ್ದಿ ನೆಕ್ಕಿದಳು. ಕಣ್ಣಲ್ಲಿ ನೀರು. ಮೂಗೊರೆಸಿಕೊಳ್ಳುತ್ತ ಏನೋ ಅಂದಳು. ಬೈದಳೇನೋ ಅಂತ ಗೆಳೆಯನ ಮುಖ ನೋಡಿದೆ.

‘ಒಂಚೂರು ಬಿಟ್ಟು ಹೋಗ್ತೀರಾ ಅಂತ ಕೇಳ್ತಿದಾಳೆ’ ಎಂದ.