ರಾಗ ಹಾಕುವ ಪಾಠ: ಓದುಗರು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ: ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿದಿದೆ. ನಾನೇ ಬರೆದ ಕವಿತೆಗಳಿಗೆ ರಾಗ ಹಾಕಲು ಕಲಿಯಬೇಕೆಂದು ಒಬ್ಬರ ಬಳಿ ಪ್ರತ್ಯೇಕ ಪಾಠಕ್ಕೆ ಸೇರುತ್ತಿದ್ದೇನೆ. ಮೊದಲ ದಿನ ಏನು ತೆಗೆದುಕೊಂಡು ಹೋಗಲಿ? ಪಾಠ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ?
— ಓದುಗರೊಬ್ಬರು, ಕುಂಜಿಬೆಟ್ಟು, ಉಡುಪಿ

ಉತ್ತರ: ಇಡೀ ಕವಿತೆ ಬೇಡ, ಒಂದು ಸಾಲು ಸಾಕು. ಆದರೆ ಆ ಸಾಲಿಗೆ ನೀವೇ ಹಾಕಿದ ಸ್ವರ ಹಾಳೆಯ ಮೇಲಿರಬೇಕು, ಹಾಡಿದ್ದು ಫೋನಿನಲ್ಲಿರಬೇಕು. ಹಾಡುಗಾರಿಕೆಯ ಪಾಠದಲ್ಲಿ ಗುರುಗಳು ಹೇಳಿಕೊಟ್ಟದ್ದನ್ನು ನೀವು ಒಪ್ಪಿಸುತ್ತೀರಿ. ಇಲ್ಲಿ ನೀವು ತಂದದ್ದನ್ನು ಅವರು ತಿದ್ದಬೇಕು. ಬರಿಗೈಲಿ ಹೋದರೆ ರಾಗಲಕ್ಷಣ ಕೇಳುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಅದು ನಿಮಗೆ ಪರೀಕ್ಷೆಯ ಹೊತ್ತಿಗೇ ಬಾಯಿಪಾಠವಾಗಿದೆ.

ಮಕ್ಕಳ ಚೌಕದ ಗೆರೆಯ ಲೆಕ್ಕದ ಪುಸ್ತಕ ಒಂದು ತೆಗೆದುಕೊಳ್ಳಿ. ಮೇಲೆ ರಾಗ, ತಾಳ, ಶ್ರುತಿ ಬರೆಯಿರಿ. ಒಂದು ಚೌಕಕ್ಕೆ ಒಂದು ಮಾತ್ರೆ. ಸ್ವರ ಮೇಲಿನ ಸಾಲಿನಲ್ಲಿ, ಸಾಹಿತ್ಯ ಅದರ ಕೆಳಗೆ. ಉದಾಹರಣೆಗೆಂದೇ ಕಟ್ಟಿದ ಈ ಸಾಲು ನೋಡಿ:

ಮಳೆಯ ಬೆನ್ನಲಿ ಕಡಲು ಮೊರೆದಿದೆ

ಮಳೆಯ ಮೂರು, ಬೆನ್ನಲಿ ನಾಲ್ಕು, ಕಡಲು ಮೂರು, ಮೊರೆದಿದೆ ನಾಲ್ಕು. ಒಟ್ಟು 14 ಮಾತ್ರೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ಅಳತೆಯೇ ಇದು. ತಕಿಟ ತಕಧಿಮಿ ಎಂದು ಕೈ ಹಾಕಿದರೆ ಏಳು ಮಾತ್ರೆಯ ಮಿಶ್ರಛಾಪು ತಾಳದ ಎರಡು ಆವರ್ತದಲ್ಲಿ (ಸುತ್ತಿನಲ್ಲಿ) ಸಾಲು ತಾನಾಗಿ ಕೂರುತ್ತದೆ. ಆದರೆ ಹೊಸಬರ ಕೈ ಅಭ್ಯಾಸಬಲದಿಂದ ಆದಿತಾಳಕ್ಕೇ ಹೋಗುತ್ತದೆ. ತಾಳದ ಒಂದು ಅಕ್ಷರಕ್ಕೆ (ಒಂದು ಎಣಿಕೆಗೆ) ಎರಡು ಮಾತ್ರೆಯಂತೆ ಅಲ್ಲಿ ಆವರ್ತಕ್ಕೆ 16 ಮಾತ್ರೆ. ಉಳಿದ ಎರಡನ್ನು ಎಲ್ಲಿ ತುಂಬುವುದು? ಬಾಯಿಗೆ ಸುಲಭ ಕಂಡಲ್ಲಿ ಎಳೆಯುತ್ತಾರೆ, ‘ಕಡಲು’ ಹೋಗಿ ‘ಕಾಡಲು’ ಆಗುತ್ತದೆ. ಕೇಳುವವರಿಗೆ ಸಮುದ್ರದ ಬದಲು ಉಪದ್ರ. ಬಳೆ ಬಾಳೆಯಾಗುವುದು, ಕೊಡು ಕೋಡಾಗುವುದು ಇದೇ ರೋಗ. ಹ್ರಸ್ವದೀರ್ಘದಿಂದ ಅರ್ಥವೇ ಬದಲಾಗುವ ಭಾಷೆ ನಮ್ಮದು, ಎಳೆಯುವ ಜಾಗ ಹುಡುಕಿ ಎಳೆಯಬೇಕು. ಸಾಲಿನ ಕೊನೆಯ ‘ದೆ’ಗೆ ಎರಡು ಮಾತ್ರೆ ಕಾರ್ವೆ (ಎಳೆದು ನಿಲ್ಲಿಸುವುದು) ಕೊಡಿ, ಇಲ್ಲವೇ ಆ ಎರಡನ್ನು ಮೊದಲೇ ಬಿಟ್ಟು ಒಂದು ಅಕ್ಷರ ಕಳೆದು ಎತ್ತಿಕೊಳ್ಳಿ.

ಈಗ ಸ್ವರ. ಮೋಹನದಲ್ಲಿ ಒಬ್ಬರು ಹೀಗೆ ಬರೆದರು ಎನ್ನಿ:

ಗ ಪ ಗ | ರಿ , ಗ ರಿ | ಸ ರಿ ಗ | ಪ ಗ ರಿ ಸ

ರಾಗ ತಪ್ಪಿಲ್ಲ, ‘ಬೆನ್’ ಎಂಬ ಗುರು ಅಕ್ಷರಕ್ಕೆ ಎರಡು ಮಾತ್ರೆ ಸಿಕ್ಕಿದೆ. ಆದರೂ ಪಲ್ಲವಿಯ ಮೊದಲ ಸಾಲೇ ಷಡ್ಜಕ್ಕೆ (ಸ) ಬಂದು ಕೂತಿತು, ಹಾಡು ಅಲ್ಲಿಗೆ ಮುಗಿದ ಹಾಗೆ ಕೇಳುತ್ತದೆ. ಎರಡನೆಯ ಸಾಲಿಗೆ ಕೆಲಸವೇ ಇಲ್ಲ. ಕೊನೆಯ ನಾಲ್ಕನ್ನು ‘ಪ ದ ಪ ಗ’ ಮಾಡಿ ನೋಡಿ, ಸಾಲು ಬಾಗಿಲು ತೆರೆದೇ ನಿಲ್ಲುತ್ತದೆ. ಷಡ್ಜವನ್ನು ಎರಡನೆಯ ಸಾಲಿಗೆ ಉಳಿಸಿ.

ಒಳ್ಳೆಯ ಗುರುಗಳು ಇಂಥ ನಾಲ್ಕು ಚೌಕದ ಮೇಲೆ ಬೆರಳಿಟ್ಟು “ಇಲ್ಲಿಗೆ ಯಾಕೆ ಬಂದಿರಿ?” ಎಂದು ಕೇಳುತ್ತಾರೆ. ಒಂದು ಗಂಟೆಯಲ್ಲಿ ಹತ್ತು ನಿಮಿಷ ತಡೆಯದೆ ಕೇಳಿ, ಅರ್ಧ ಗಂಟೆ ಒಂದೆರಡು ಜಾಗ ತಿದ್ದಿಸಿ, ಉಳಿದ ಹೊತ್ತಿನಲ್ಲಿ ಎದುರೇ ಹೊಸದಾಗಿ ಬರೆಸಿದರೆ ಪಾಠ ಸರಿಯಾಗಿದೆ. ಮನೆಗೆಲಸ ಚಿಕ್ಕದಾಗಿರಬೇಕು: ಅದೇ ಸಾಲು ಬೇರೆ ತಾಳದಲ್ಲಿ, ಅಥವಾ ಅದೇ ತಾಳ ಹಂಸಧ್ವನಿಯಲ್ಲಿ. ಇಡೀ ಸಾಲನ್ನು ಅವರೇ ಕಟ್ಟಿ “ಹೀಗೆ ಹಾಡಿ” ಎಂದರೆ ಹಾಡು ಚೆನ್ನಾಗಿಯೇ ಇರುತ್ತದೆ, ಆದರೆ ನಿಮ್ಮದಲ್ಲ. ಮೂರು ವಾರ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುವುದೇ ಒಳ್ಳೆಯದು. ಫೀಸು ತಿಂಗಳಿಗೋ ಪಾಠಕ್ಕೋ, ತಪ್ಪಿದ ಪಾಠದ ಲೆಕ್ಕ ಏನು ಎಂಬುದನ್ನು ಸೇರುವ ದಿನವೇ ಮಾತಾಡಿ. ಅಷ್ಟಮಿ, ಚೌತಿಯ ರಜೆ ಬಂದ ಮೇಲೆ ಆ ಮಾತು ಎತ್ತುವುದು ಮುಜುಗರ.

ಪ್ರಶ್ನೆ: ನಾನು ಹಾಕಿದ ರಾಗಗಳೆಲ್ಲ ಒಂದೇ ಥರ ಕೇಳುತ್ತವೆ ಎನ್ನುತ್ತಾರೆ. ರಾಗ ಬದಲಾಯಿಸಿದರೂ ಅದೇ ಕತೆ.
— ಓದುಗರೊಬ್ಬರು, ಸುರತ್ಕಲ್

ಉತ್ತರ: ರಾಗದ ದೋಷವಲ್ಲ, ಎತ್ತುಗಡೆಯದ್ದು. ನಿಮ್ಮ ಐದು ಹಾಡು ತೆಗೆದು ಪ್ರತಿ ಸಾಲು ತಾಳದ ಎಷ್ಟನೆಯ ಪೆಟ್ಟಿಗೆ ಶುರುವಾಗುತ್ತದೆ, ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂದು ಬದಿಯಲ್ಲಿ ಬರೆಯಿರಿ. ಬಹುತೇಕ ಎಲ್ಲವೂ ಸಮದಲ್ಲೇ (ತಾಳದ ಮೊದಲ ಪೆಟ್ಟಿಗೇ) ಹುಟ್ಟಿ ಸ ಅಥವಾ ಪದಲ್ಲೇ ನಿಂತಿರುತ್ತವೆ. ಒಂದು ಹಾಡನ್ನು ಸಮ ಕಳೆದು ಅರ್ಧ ಅಕ್ಷರಕ್ಕೆ ಎತ್ತಿ, ಇನ್ನೊಂದನ್ನು ಒಂದೂವರೆಗೆ. ಮೊದಮೊದಲು ಕೈ ತಪ್ಪುತ್ತದೆ, ತಾಳ ಹಾಕುತ್ತ ಸಾಹಿತ್ಯವನ್ನು ಬರೀ ಮಾತಿನಲ್ಲಿ ಹೇಳಿ ರೂಢಿ ಮಾಡಿಕೊಳ್ಳಿ. ಜೊತೆಗೆ ತಾರಷಡ್ಜವನ್ನು (ಮೇಲಿನ ಸ) ಪಲ್ಲವಿಯ ನಂತರ ಬರುವ ಅನುಪಲ್ಲವಿಯವರೆಗೆ ಮುಟ್ಟಬೇಡಿ. ಪಲ್ಲವಿಯಲ್ಲೇ ಮೇಲೆ ಹತ್ತಿಬಿಟ್ಟರೆ ಆಮೇಲೆ ಹೋಗಲು ಜಾಗ ಉಳಿಯುವುದಿಲ್ಲ.

ಪ್ರಶ್ನೆ: ಚರ್ಚಿನ ಗಾಯನ ಮಂಡಳಿಗೆ ಕೊಂಕಣಿ ಗೀತೆಯೊಂದಕ್ಕೆ ನಾಲ್ಕು ಧ್ವನಿಯಲ್ಲಿ ಬರೆದಿದ್ದೇನೆ. ಟೀಚರ್ “ಪ್ಯಾರಲಲ್ ಫಿಫ್ತ್” ಎಂದು ಕೆಂಪು ಗೆರೆ ಹಾಕಿದ್ದಾರೆ. ಕೀಬೋರ್ಡಿನಲ್ಲಿ ಚೆನ್ನಾಗಿಯೇ ಕೇಳುತ್ತದಲ್ಲ?
— ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿ ಇವೆಯಷ್ಟೆ, ಕೀಬೋರ್ಡಿನಲ್ಲಿ ನಾಲ್ಕೂ ಒಂದೇ ವಾದ್ಯದ ದನಿ, ತಪ್ಪು ಮುಚ್ಚಿಹೋಗುತ್ತದೆ. ಬಾಸ್ ಸಿ, ಟೆನರ್ ಜಿ ಹಾಡುತ್ತಿದ್ದು, ಮುಂದಿನ ಕಾರ್ಡಿಗೆ ಬಾಸ್ ಡಿಗೂ ಟೆನರ್ ಎಗೂ ಏರಿದರೆ ಇಬ್ಬರ ನಡುವಿನ ಅಂತರ ಎರಡು ಕಡೆಯೂ ಪಂಚಮವೇ. ಪ್ಯಾರಲಲ್ ಫಿಫ್ತ್ ಎಂದರೆ ಇದೇ. ಆಗ ಇಬ್ಬರ ದನಿ ಒಂದರೊಳಗೊಂದು ಸೇರಿ, ನಾಲ್ಕು ಧ್ವನಿ ಇದ್ದದ್ದು ಮೂರಾದಂತೆ ಕೇಳುತ್ತದೆ. ಮದ್ದು ಸರಳ: ಬಾಸ್ ಏರಿದಾಗ ಉಳಿದ ಮೂವರನ್ನು ಇಳಿಸಿ. ಸಿ ಮೇಜರಿನಿಂದ ಡಿ ಮೈನರಿಗೆ ಹೋಗುವಾಗ ಬಾಸ್ ಸಿಯಿಂದ ಡಿಗೆ ಏರಲಿ, ಟೆನರ್ ಜಿಯಿಂದ ಎಫ್‌ಗೆ, ಆಲ್ಟೊ ಸಿಯಿಂದ ಕೆಳಗಿನ ಎಗೆ, ಸೊಪ್ರಾನೊ ಇಯಿಂದ ಡಿಗೆ ಇಳಿಯಲಿ.

ಸೊಪ್ರಾನೊ–ಆಲ್ಟೊ, ಆಲ್ಟೊ–ಟೆನರ್ ನಡುವೆ ಒಂದು ಸಪ್ತಕಕ್ಕಿಂತ ಹೆಚ್ಚು ಅಂತರ ಬಿಡಬೇಡಿ. ಟೆನರ್–ಬಾಸ್ ನಡುವೆ ಮಾತ್ರ ಬಿಡಬಹುದು. ಆಲ್ಟೊವನ್ನು ಮಧ್ಯದ ಸಿಯ ಕೆಳಗಿನ ಜಿಗಿಂತ ಇಳಿಸಿದರೆ ಕಂಪ್ಯೂಟರ್ ಹಾಡೀತು, ಮಂಡಳಿಯ ಹೆಂಗಸರಿಂದ ದನಿ ಹೊರಡುವುದು ಕಷ್ಟ. ಬರೆಯಲು ಮ್ಯೂಸ್‌ಸ್ಕೋರ್ ಎಂಬ ಕಂಪ್ಯೂಟರ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಪ್ರತಿ ಧ್ವನಿಯನ್ನೂ ಒಮ್ಮೆ ನೀವೇ ಬಾಯಲ್ಲಿ ಹಾಡಿ ನೋಡಿ. ನಿಮಗೇ ಹಾಡಲು ಬೇಸರ ಬಂದ ಆಲ್ಟೊ ಅವರಿಗೂ ಬೇಸರವೇ.

ಪ್ರಶ್ನೆ: ಗುರುಗಳು ಬೆಂಗಳೂರಿನಲ್ಲಿ, ನಾನು ಬಜಪೆಯಲ್ಲಿ. ಜೂಮ್‌ನಲ್ಲಿ ತಂಬೂರಿ ಆಗಾಗ ಮಾಯವಾಗುತ್ತದೆ.
— ಓದುಗರೊಬ್ಬರು, ಬಜಪೆ

ಉತ್ತರ: ಎಡೆಬಿಡದೆ ಬರುವ ತಂಬೂರಿಯ ನಾದವನ್ನು ಜೂಮ್ ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ಆಡಿಯೊ ಸೆಟ್ಟಿಂಗಿನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್’ ಹಾಕಿ, ಪಾಠ ಶುರುವಾದಾಗ ಅದು ಆನ್ ಇದೆಯೇ ನೋಡಿಕೊಳ್ಳಿ. ಒಟ್ಟಿಗೆ ಹಾಡುವ ಆಸೆ ಮಾತ್ರ ಬಿಡಿ, ದನಿ ಹೋಗಿ ಬರುವಷ್ಟರಲ್ಲಿ ತಾಳ ಹಿಂದೆ ಬೀಳುತ್ತದೆ. ಹಿಂದಿನ ದಿನವೇ ಹಾಳೆಯ ಫೋಟೊ, ಧ್ವನಿಮುದ್ರಣ ಕಳಿಸಿಬಿಟ್ಟರೆ ಪಾಠದ ಹೊತ್ತು ಪೂರ್ತಿ ತಿದ್ದುವುದಕ್ಕೆ ಸಿಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಮಾತ್ರ ರೆಕಾರ್ಡ್ ಮಾಡಬೇಡಿ ಮಾರಾಯ್ರೆ, ಹಾಡು ಕೇಳುವುದಿಲ್ಲ, ಮಳೆ ಕೇಳುತ್ತದೆ.

ಪ್ರಶ್ನೆ: ಹಿರಿಯ ಕವಿಗಳ ಕವಿತೆಗೆ ರಾಗ ಹಾಕಿ ಯೂಟ್ಯೂಬಿಗೆ ಬಿಡಬಹುದೇ?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಪಾಠಕ್ಕೆಂದು ಮನೆಯಲ್ಲಿ ಹಾಡಿಕೊಳ್ಳುವುದಕ್ಕೆ ತೊಂದರೆಯಿಲ್ಲ. ಪ್ರಕಟಿಸುವ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು. ರಾಗ ನಿಮ್ಮದಾದರೂ ಪದಗಳು ಕವಿಯವು. ಕವಿ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. ಮಂಜೇಶ್ವರ ಗೋವಿಂದ ಪೈ 1963ರಲ್ಲಿ ತೀರಿಕೊಂಡವರು, ಅವರ ಬದುಕಿನಲ್ಲೇ ಅಚ್ಚಾದ ಕವಿತೆಗಳ ಅವಧಿ 2023ರ ಕೊನೆಗೆ ಮುಗಿಯಿತು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಲ್ಲಿ ಇನ್ನೂ ಅನುಮತಿ ಬೇಕು. ಹಕ್ಕು ಇರುವವರಿಂದ ಬರಹದಲ್ಲೇ ಪಡೆಯಿರಿ, ಕವಿತೆಯ ಹೆಸರು ಮತ್ತು ಯಾವ ಮಾಧ್ಯಮಕ್ಕೆ ಎಂಬುದು ಅದರಲ್ಲಿರಲಿ.