ಆಯಿಲ್ ಬದಲಿಸಿದರಷ್ಟೇ ಸಾಲದು

ಹಾಸನದಿಂದ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇರುವ ಕಾರನ್ನು ಕೊಯಮತ್ತೂರಿನ ರೇಸ್ ಟ್ರ್ಯಾಕ್ ಆದ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುವ ಮೊದಲು ಆಯಿಲ್ ಬದಲಿಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. ಮುಳ್ಳಯ್ಯನಗಿರಿಯ ಏರುದಾರಿಯಲ್ಲಿ ಎಂದೂ ಕೈಕೊಡದ ನನ್ನ ಕಾರು, ಟ್ರ್ಯಾಕಿನಲ್ಲಿ ಮೊದಲ ದಿನವೇ ಎಂಜಿನ್ನಿನ ತಿರುಗುವ ದಂಡವನ್ನು ಹೊರುವ ಬೇರಿಂಗ್ ಕಳೆದುಕೊಂಡಿತು. ಆಯಿಲ್ ಹೊಸದೇ ಇತ್ತು, ಆದರೆ ಮಟ್ಟ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನ ಕೆಳಗೆರೆಯ ಹತ್ತಿರವಿತ್ತು. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಒಂದು ಬದಿಗೆ ಸರಿದುಬಿಡುತ್ತದೆ, ಪಂಪ್ ಗಾಳಿಯನ್ನು ಹೀರುತ್ತದೆ, ಬೇರಿಂಗಿನ ಮೇಲಿನ ಆಯಿಲ್ ಪದರ ಇಲ್ಲವಾಗುತ್ತದೆ. ಕೆಲವೇ ಕ್ಷಣ ಸಾಕು. ಮೇಲ್ಗೆರೆಯವರೆಗೆ ತುಂಬಿಸಿ. ಅದನ್ನು ಮೀರಿದರೆ ಕ್ರ್ಯಾಂಕ್ (ಆ ತಿರುಗುವ ದಂಡ) ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಪ್ರತಿ ಸುತ್ತಾಟದ ನಂತರವೂ ಮಟ್ಟ ನೋಡಿ.

ತೋಟದ ದಾರಿಯಲ್ಲಿ ಓಡಾಡುವ ಕಾರಾದರೆ ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಮಣ್ಣನ್ನು ತೊಳೆಸಿ.

ಬ್ರೇಕ್ ದ್ರವವನ್ನೂ ಬದಲಿಸಿ, ಅದು ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಹಳೆಯದಕ್ಕೆ ಆ ಮಿತಿ 155ಕ್ಕೆ ಇಳಿಯಬಹುದು.

ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ. ನಿಲ್ಲಿಸಿದ ತಕ್ಷಣ ಎಂಜಿನ್ ಆರಿಸಬೇಡಿ, ಟರ್ಬೊ ತಣಿಯಲಿ. ಆರಿಸಿದ ಮೇಲೆ, ಬ್ರೇಕ್ ಇನ್ನೂ ಕಾದಿರುವುದರಿಂದ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ.